ಎಡಗಡೆ ಕಿಟಕಿ ಬೇಡ ಎಂದ ಅತ್ತೆ

ಹೋದ ಭಾನುವಾರ ನಮ್ಮನೆಯ ಹಾಲ್‌ನೊಳಗೆ ರೈಲು ಬಂದಿತ್ತು.

ನಗಬೇಡಿ. ನಿಜವಾಗಿಯೂ ಬಂದಿತ್ತು. ಡೈನಿಂಗ್ ಟೇಬಲ್ಲಿನ ಕುರ್ಚಿಗಳೇ ಬೋಗಿ. ನಡುವೆ ಓಡಾಡಲು ದಾರಿ. ಟಿವಿ ಇರುವ ಕಡೆ ಎಂಜಿನ್. ಅಡುಗೆಮನೆ ಬಾಗಿಲು ಟಾಯ್ಲೆಟ್ (ಇದಕ್ಕೆ ನನ್ನ ತಕರಾರಿತ್ತು, ಯಾರೂ ಕೇಳಲಿಲ್ಲ). ಶಿಕಾರಿಪುರಕ್ಕೆ ರೈಲು ಬರುತ್ತದೆ, ಬರುತ್ತದೆ ಎಂದು ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕೇಳುತ್ತಿದ್ದೇನೆ. ಕೊನೆಗೂ ಬಂತು ನೋಡಿ, ಅದೂ ನೇರ ನಮ್ಮ ಹಾಲಿಗೇ.

ಬಂದ ದಿನವೇ ಆಕ್ಸಿಡೆಂಟೂ ಆಯಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಮನೆಮಂದಿಯೆಲ್ಲ ಇನ್ನೂ ಸುಧಾರಿಸಿಕೊಂಡಿಲ್ಲ.

ಹೇಳುತ್ತೇನೆ, ಮೊದಲಿನಿಂದಲೇ ಹೇಳುತ್ತೇನೆ.

ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಅಂಗಡಿ ಇಟ್ಟವರಿಗೆ ರಜೆ ಎಂಬುದಿಲ್ಲ. ಬೇರೆಯವರಿಗೆ ರಜೆ ಇದ್ದ ದಿನವೇ ನಮಗೆ ವ್ಯಾಪಾರ. ಮನೆಮಂದಿಯೆಲ್ಲ ಸೇರಿ ಮಾಡಿದ ಕೊನೆಯ ಟೂರು ಎಂದರೆ ಅಂಬ್ಲಿಗೊಳದ ಡ್ಯಾಮು. ಬೆಳಿಗ್ಗೆ ಹೋಗಿ, ಚಿತ್ರಾನ್ನ ತಿಂದು, ನೀರು ನೋಡಿ, ಫೋಟೊ ಹೊಡೆಸಿಕೊಂಡು, ಮಧ್ಯಾಹ್ನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ವಾಪಸ್. ಇದನ್ನು ಟೂರ್ ಅನ್ನುತ್ತಾರಾ? ನಮ್ಮನೆಯವರು ಅನ್ನುತ್ತಾರೆ.

ಹಾಗಾಗಿ ಮಗಳು ಸಿಂಚನಾ ಈ ಸಲ ಪಟ್ಟು ಹಿಡಿದಳು. ಓದುತ್ತಿರುವುದು ಡಿಗ್ರಿ, ಬಾಯಿ ಮಾತ್ರ ಪಿಎಚ್‌ಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿಯಲ್ಲಿ ಇಳಿಯುತ್ತದಲ್ಲ, ಆ ಹಗಲು ರೈಲು. ಗಾಜಿನ ಬೋಗಿ. ಸುರಂಗ, ಸೇತುವೆ, ಹಳ್ಳ, ಜಲಪಾತ. ವಿಡಿಯೊ ಹಾಕಿ ಹಾಕಿ ತೋರಿಸಿದಳು. "ಅಪ್ಪಾ, ಎರಡು ದಿನ ಅಂಗಡಿ ಮುಚ್ಚಿದ್ರೆ ಶಿಕಾರಿಪುರದವರು ಬಾಳೆ ಎಲೆ ಮೇಲೆ ಉಣ್ತಾರೆ. ಉಪವಾಸ ಏನೂ ಬೀಳಲ್ಲ" ಅಂದಳು.

ನಮ್ಮನೆಯವರು "ನೋಡೋಣ" ಅಂದರು. (ನಮ್ಮಲ್ಲಿ 'ನೋಡೋಣ' ಎಂದರೆ 'ಇಲ್ಲ' ಎಂದರ್ಥ.)

ಆಗ ಬಾಯಿ ಹಾಕಿದವರು ನಮ್ಮತ್ತೆ. "ನಾನೂ ಬರ್ತೀನಿ. ನಾನು ರೈಲು ಹತ್ತೇ ಇಲ್ಲ."

ಎಪ್ಪತ್ತು ದಾಟಿದ ಹೆಂಗಸು! ಉಡುತಡಿಯಲ್ಲಿ ಹುಟ್ಟಿ, ಈ ಮನೆಗೆ ಸೊಸೆಯಾಗಿ ಬಂದು, ಬಸ್ಸಲ್ಲೇ ಶ್ರೀಶೈಲಕ್ಕೂ ಹೋಗಿ ಬಂದವರು. ರೈಲು ಹತ್ತಿಲ್ಲ ಅಂದರೆ ಏನು ಹೇಳುವುದು? ನಮಗೆ ಯಾರಿಗೂ ಅದು ಗೊತ್ತೇ ಇರಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಹೋಗಾದಾದ್ರ ಜಲ್ದಿ ಹೋಗಾಣ. ಮುಂದಿನ ವರ್ಷ ಅನ್ಬ್ಯಾಡ್ರಿ."

ಯಾಕಿಷ್ಟು ಅವಸರ ಎಂದು ನಾವು ಯಾರೂ ಕೇಳಲಿಲ್ಲ. ವಯಸ್ಸಾದವರು, ಏನೋ ಆಸೆ ಎಂದುಕೊಂಡೆವು. ಅಮ್ಮ ಬಾಯಿಬಿಟ್ಟು ಕೇಳಿದ ಮೇಲೆ ಮಗ ಇಲ್ಲ ಅನ್ನುತ್ತಾನಾ? 'ನೋಡೋಣ' ಹೋಗಿ 'ಬುಕ್ ಮಾಡು' ಆಯಿತು.

ಇಲ್ಲಿ ನಮ್ಮತ್ತೆಯ ಒಂದು ಪದ್ಧತಿ ಹೇಳಬೇಕು. ಈ ಅಂಕಣ ತಪ್ಪದೆ ಓದುವವರಿಗೆ ಗೊತ್ತು, ಮರೆತವರಿಗೆ ಮತ್ತೊಮ್ಮೆ ಹೇಳುತ್ತೇನೆ. ನಮ್ಮತ್ತೆಯ ಎಡಮಗ್ಗಲಿಗೆ ಯಾರೂ ಕೂರುವಂತಿಲ್ಲ. ಊಟಕ್ಕೆ ಸಾಲಾಗಿ ಕೂತರೆ ಅವರು ಎಡತುದಿ. ಉಳಿದವರೆಲ್ಲ ಅವರ ಬಲಕ್ಕೆ. ಮದುವೆಮನೆಯ ಪಂಕ್ತಿಯಲ್ಲೂ ಅಷ್ಟೆ, ಎಡಕ್ಕೆ ಒಂದು ಎಲೆಯ ಜಾಗ ಖಾಲಿ. ಯಾರಾದರೂ ಅರಿಯದೆ ಕೂತರೆ ಎಬ್ಬಿಸುತ್ತಿದ್ದರು. ಯಾಕೆ ಅತ್ತೆ ಎಂದು ಹಿಂದೊಮ್ಮೆ ಕೇಳಿದ್ದಕ್ಕೆ ಹೇಳಿದ್ದರು: "ಲಿಂಗ ಹಿಡಿಯಾದು ಎಡಗೈಯಾಗ ಅಲ್ಲೇನವ್ವ? ಎಡಮಗ್ಗಲು ಶಿವನ ಜಾಗ. ಅವನ ಜಾಗ ಅವನಿಗೆ ಬಿಡ್ಬೇಕು."

ಆಹಾ! ಮೈ ಜುಮ್ಮೆಂದಿತ್ತು ನನಗೆ. ಎಂಥ ದೊಡ್ಡ ಮಾತು, ಎಷ್ಟು ಸರಳವಾಗಿ ಹೇಳಿಬಿಟ್ಟರು! ಇದೇ ಅಂಕಣದಲ್ಲಿ ಬರೆದೆ. ನಮ್ಮ ಹಿರಿಯರು, ನಮ್ಮ ಸಂಸ್ಕೃತಿ, ಖಾಲಿ ಜಾಗದ ತತ್ವ, ಅದು ಇದು. ನೀವೂ ಕಡಿಮೆ ಇಲ್ಲ ಬಿಡಿ. ಎಷ್ಟು ಜನ ಫೋನ್ ಮಾಡಿದಿರಿ! "ನಿಮ್ಮ ಅತ್ತೆ ಕಾಲಿಗೆ ನಮ್ಮದೊಂದು ಶರಣು ಹೇಳಿ" ಎಂದಿರಿ. ಸೊರಬದಲ್ಲಿರುವ ನನ್ನ ಅಕ್ಕ ಶಾಂತಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಮನೆಯಲ್ಲೂ ಅದನ್ನು ಶುರು ಮಾಡಿದಳು. ಅವಳ ಗೃಹಪ್ರವೇಶದಲ್ಲಿ ಪಂಕ್ತಿಯ ಎಡತುದಿಗೆ ಒಂದು ಖಾಲಿ ಎಲೆ, ಎಲೆಯ ಮೇಲೆ ಒಂದು ಚಿಟಿಕೆ ವಿಭೂತಿ. ಬಂದವರೆಲ್ಲ ಅದಕ್ಕೆ ಕೈಮುಗಿದು ಊಟಕ್ಕೆ ಕೂತರು. ನಾನೂ ಮುಗಿದೆ.

ಈಗ ಬುಕಿಂಗಿಗೆ ಬನ್ನಿ. ಸಿಂಚನಾ ನೋಡಿದ್ದ ವಿಡಿಯೊದವನ ಪ್ರಕಾರ ಘಾಟಿ ಇಳಿಯುವಾಗ ಕಣಿವೆ ಎಡಕ್ಕೆ ಸಿಗುತ್ತದೆ. ಹಾಗಾಗಿ ಎಡಗಡೆ ಕಿಟಕಿ ಅಜ್ಜಿಗೆ ಎಂದು ಮೊದಲೇ ತೀರ್ಮಾನವಾಯಿತು.

"ನಂಗ ಎಡಗಡೆ ಕಿಟಕಿ ಬ್ಯಾಡ" ಅಂದರು ಅತ್ತೆ. "ಬಲಗಡೆ ಹಾಕ್ಸು."

"ಅಜ್ಜಿ, ನೋಡೋದೆಲ್ಲ ಎಡಗಡೆ ಇರೋದು! ಬಲಗಡೆ ಬರೀ ಬಂಡೆ!"

"ಬಂಡೆನಾ ನೋಡ್ತೀನಿ."

"ಆದ್ರೆ ಅಜ್ಜಿ, ಲಾಜಿಕ್ ನೋಡು. ಎಡಗಡೆ ಕಿಟಕಿಗೆ ಕೂತ್ರೆ ನಿನ್ನ ಎಡಕ್ಕೆ ಯಾರೂ ಕೂರಕ್ಕಾಗಲ್ಲ. ಗಾಜು ಇರುತ್ತೆ. ಶಿವನಿಗೆ ಕಂಪ್ಲೀಟ್ ರಿಸರ್ವೇಷನ್! ಬಲಗಡೆ ಕಿಟಕಿಗೆ ಕೂತ್ರೆ ನಿನ್ನ ಎಡಕ್ಕೆ ನಮ್ಮಲ್ಲೇ ಒಬ್ರು ಕೂರಬೇಕು. ಆಗ ಶಿವ ಎಲ್ಲಿಗೆ ಹೋಗಬೇಕು?"

ಇಷ್ಟು ವರ್ಷದಲ್ಲಿ ಅತ್ತೆ ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ರೈಲಾಗ ಅದೆಲ್ಲ ಇಲ್ಲ ಬಿಡು" ಅಂದರು. ಹೌದಾ? ಬಸ್ಸಲ್ಲಿ ಉಂಟು, ಮದುವೆಮನೆಯಲ್ಲಿ ಉಂಟು, ರೈಲಲ್ಲಿ ಇಲ್ಲವಾ? ಶಿವನಿಗೂ ಟಿಕೆಟ್ ಸಮಸ್ಯೆಯಾ?

ಅಜ್ಜಿಗೆ ಅರ್ಥ ಮಾಡಿಸಲೆಂದು ಸಿಂಚನಾ ಕುರ್ಚಿ ಎಳೆದು ರೈಲು ಕಟ್ಟಿದಳು. ಹಾಲಿಗೆ ರೈಲು ಬಂದದ್ದು ಹೀಗೆ. ಅಜ್ಜಿಯನ್ನು ಕೈಹಿಡಿದು ತಂದು ಎಡಸಾಲಿನ ಕುರ್ಚಿಗೆ ಕೂರಿಸಿದಳು. ತಾನು ಅವರ ಎಡಕ್ಕೆ ಕುಕ್ಕರುಗಾಲಲ್ಲಿ ಕೂತು, ಫೋನನ್ನು ಕಿಟಕಿಯ ಎತ್ತರಕ್ಕೆ ಹಿಡಿದು, ಘಾಟಿಯ ವಿಡಿಯೊ ಹಾಕಿದಳು. "ಇದು ನಿನ್ನ ಕಿಟಕಿ ಅಜ್ಜಿ. ನೋಡು, ಸೇತುವೆ ಬಂತು. ನೋಡು, ಹಳ್ಳ!"

ಅತ್ತೆ ಟಿವಿ ಕಡೆ ಮುಖ ಮಾಡಿ ಕೂತು "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು.

ಅಷ್ಟರಲ್ಲಿ ನಾನು ಅಡುಗೆಮನೆಯಿಂದ "ಮೊದಲು ಕುರ್ಚಿ ಎತ್ತಿಡೇ, ಊಟದ ಹೊತ್ತಾಯ್ತು" ಎಂದು ಕೂಗಿದೆ. ಅವಳು ವಿಡಿಯೊ ನಿಲ್ಲಿಸಿ ನನ್ನ ಜೊತೆ ವಾದಕ್ಕೆ ನಿಂತಳು. ಕೈಯಲ್ಲಿ ಫೋನು ಹಾಗೇ ಇತ್ತು. ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ನಮ್ಮನೆಯವರು ಪೇಪರಿಂದ ತಲೆ ಎತ್ತಿ "ಇಬ್ರೂ ಸ್ವಲ್ಪ ಸುಮ್ನಿರ್ತೀರಾ?" ಅಂದರು. ಒಂದು ಗಳಿಗೆ ಎಲ್ಲರೂ ಸುಮ್ಮನಾದೆವು.

ಆ ಮೌನದಲ್ಲಿ ಅತ್ತೆ ಹೇಳಿದರು: "ಚಂದ ಐತವ್ವಾ. ಗುಡ್ಡ ನೋಡು, ಎಷ್ಟು ಹಸ್ರು!"

ಫೋನಿನ ಪರದೆ ಯಾವಾಗಲೋ ಆರಿ ಕಪ್ಪಗಾಗಿತ್ತು.

ಸಿಂಚನಾ ಫೋನು ನೋಡಿದಳು. ನನ್ನನ್ನು ನೋಡಿದಳು. ಅವಳ ಮುಖದ ಬಣ್ಣ ಹೋಗಿದ್ದು ನನಗೆ ಅಲ್ಲಿಂದಲೇ ಕಂಡಿತು. ಫೋನು ಕೆಳಗಿಟ್ಟು, ತನ್ನ ಖಾಲಿ ಅಂಗೈಯನ್ನು ಅಜ್ಜಿಯ ಎಡಗಣ್ಣಿನ ಮುಂದೆ ಮೆಲ್ಲಗೆ ಆಡಿಸಿದಳು. ಅತ್ತೆ ಟಿವಿ ಕಡೆಯೇ ನೋಡುತ್ತಿದ್ದರು. ರೆಪ್ಪೆ ಹೊಡೆಯಲಿಲ್ಲ. ಮುಖದಲ್ಲಿ ಅದೇ ನಗು.

"ಅಜ್ಜಿ, ಈಗ ಏನು ಕಾಣ್ತಿದೆ?"

"ಹಳ್ಳ ಬಂತಲ್ಲ."

ನನ್ನ ಕೈಯ ಸೌಟು ನೆಲಕ್ಕೆ ಬಿತ್ತು. ಆ ಸದ್ದಿಗೆ ಅತ್ತೆ ಬೆಚ್ಚಿ ತಿರುಗಿದರು, ಎಲ್ಲರ ಮುಖ ನೋಡಿದರು. ಅವರಿಗೆ ಗೊತ್ತಾಯಿತು. ನಮಗೆ ಗೊತ್ತಾಗಿದ್ದು ಅವರಿಗೆ ಗೊತ್ತಾಯಿತು.

"ಅವ್ವಾ" ಅಂದರು ನಮ್ಮನೆಯವರು. ಪೇಪರು ಕೈಯಲ್ಲೇ ಇತ್ತು. "ಎಡಗಣ್ಣು ಕಾಣಲ್ವಾ ನಿಂಗೆ?"

"ಇಲ್ಲಪ್ಪ."

"ಯಾವಾಗಿಂದ?"

"ಇವಳು ಕನ್ನಡ ಸಾಲಿಗೆ ಹೋಗ್ತಿದ್ಲಲ್ಲ, ಎರಡು ಜಡಿ ಹಾಕ್ಕೊಂಡು? ಆವಾಗಿಂದ."

ನಾನು ಅಲ್ಲೇ, ರೈಲಿನ ನಡುದಾರಿಯಲ್ಲೇ, ನೆಲದ ಮೇಲೆ ಕೂತುಬಿಟ್ಟೆ. ಈಗ ಅವಳು ಡಿಗ್ರಿ ರೀ! ಅಷ್ಟು ವರ್ಷ ನಾವು ನಾಲ್ಕು ಜನ ಒಂದೇ ಸೂರಿನಡಿ ಇದ್ದೇವೆ. ಒಂದೇ ಒಲೆಯ ಮುಂದೆ ನಾನು ಮತ್ತು ಅತ್ತೆ ದಿನಾ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದೇವೆ (ನಾನು ಅವರ ಬಲಕ್ಕೆ!). ಅವರ ಬಿಪಿ ಎಷ್ಟು, ಯಾವ ಸೊಪ್ಪು ಆಗುವುದಿಲ್ಲ, ಯಾವ ಸೀರಿಯಲ್ಲಿಗೆ ಅಳುತ್ತಾರೆ, ಎಲ್ಲ ಗೊತ್ತು. ಒಂದು ಕಣ್ಣೇ ಇಲ್ಲ ಎಂಬುದು ಗೊತ್ತಿಲ್ಲ!

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸುಳ್ಳು ಹೇಳಲಾರೆ. "ಶಿವನ ಹೆಸರಲ್ಲಿ ನಮಗೆಲ್ಲ ಸುಳ್ಳು ಹೇಳಿದಿರಲ್ಲ ಅತ್ತೆ!" ಅಂದುಬಿಟ್ಟೆ.

ಅತ್ತೆ ಸೆರಗು ಸರಿ ಮಾಡಿಕೊಂಡರು. "ಶಿವನಿಗೆ ಗೊತ್ತಿತ್ತವ್ವ" ಅಂದರು. "ನಿಮಗ ಗೊತ್ತಿರ್ಲಿಲ್ಲ, ಅಷ್ಟ."



ಮುಚ್ಚಿಟ್ಟದ್ದು ಯಾಕೆ ಎಂಬುದು ಆಮೇಲೆ ನಿಧಾನಕ್ಕೆ ಹೊರಬಂತು. ನಮ್ಮ ಓಣಿಯ ಒಬ್ಬ ಅಜ್ಜಿಗೆ ಕಣ್ಣು ಮಂಜಾದಾಗ ಸೊಸೆಯರು ಬಹಳ ಪ್ರೀತಿಯಿಂದ "ನೀವು ಕೂತ್ಕಳಿ, ನೀವು ಕೂತ್ಕಳಿ" ಅಂದರಂತೆ. "ಕೂತ್ಕಳಿ ಕೂತ್ಕಳಿ ಅಂತ ಕೂರ್ಸೇ ಬಿಟ್ರು ಕಣವ್ವ. ಒಲಿ ಮುಟ್ಟಂಗಿಲ್ಲ, ಈಳಿಗಿ ಮುಟ್ಟಂಗಿಲ್ಲ, ಅಂಗಳಕ್ಕ ಇಳಿಯಂಗಿಲ್ಲ. ಕೊನೀಗ ಅವಳು ಇದ್ದಾಳೋ ಇಲ್ಲೋ ಅಂತನೂ ಯಾರೂ ನೋಡ್ತಿರ್ಲಿಲ್ಲ. ನಂಗ ಒಂದು ಕಣ್ಣು ಐತಲ್ಲ, ಸಾಕು ಅನ್ಕೊಂಡೆ."

"ಹಾಗಾದ್ರೆ ಎಡಗಡೆ ಕಿಟಕಿಗೆ ಕೂತು ಕತ್ತು ತಿರುಗಿಸಿ ನೋಡಬಹುದಿತ್ತಲ್ಲ ಅಜ್ಜಿ?" ಸಿಂಚನಾ ಅಳುತ್ತಲೇ ಕೇಳಿದಳು.

"ದಾರಿ ಪೂರಾ ಕತ್ತು ತಿರುವ್ಕೊಂಡು ಕೂತ್ರ ನಿಮಗ ಗೊತ್ತಾಗ್ತಿರ್ಲಿಲ್ಲೇನು?"

ಅಂದರೆ ಬೇಕಂತಲೇ ಬಂಡೆಗಲ್ಲು ಆರಿಸಿಕೊಂಡಿದ್ದರು. ಜೀವಮಾನದ ಮೊದಲ ರೈಲು, ಕಣಿವೆ ಪೂರಾ ಬಿಟ್ಟುಕೊಟ್ಟು, ಬಂಡೆ ನೋಡಿಕೊಂಡು ಬರಲು ತಯಾರಾಗಿದ್ದರು. ನಮಗೆ ಗೊತ್ತಾಗಬಾರದು, ಅಷ್ಟಕ್ಕೇ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಒಲೆಯ ಎಡಕ್ಕಿಟ್ಟ ಲೋಟ ಬಿದ್ದಾಗಲೆಲ್ಲ ಅತ್ತೆ "ಬೆಕ್ಕು" ಅನ್ನುತ್ತಿದ್ದರು. ಪಕ್ಕದ ಮನೆಯ ಆ ಬಡಪಾಯಿ ಬೆಕ್ಕಿಗೆ ನಾವು ಬೈದ ಬೈಗುಳ ಅಷ್ಟಿಷ್ಟಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ರಸ್ತೆ ದಾಟುವಾಗ "ಎಡಗೈ ಹಿಡ್ಕ" ಅನ್ನುತ್ತಿದ್ದರು, ಪ್ರೀತಿ ಅಂದುಕೊಂಡಿದ್ದೆ. ಆಲ್ಬಮ್ ತೆಗೆದು ನೋಡಿದೆವು. ನಾದಿನಿಯ ಮದುವೆ, ಸಿಂಚನಾಳ ಬರ್ತ್‌ಡೇ, ಅಂಬ್ಲಿಗೊಳದ ಡ್ಯಾಮು, ಎಲ್ಲ ಫೋಟೊದಲ್ಲೂ ಅತ್ತೆ ಒಂದೇ ತುದಿ. ಫೋಟೊ ತೆಗೆಯುವವರು "ಅಜ್ಜಿ, ನಡುವೆ ಬನ್ನಿ" ಎಂದು ಎಷ್ಟು ಕರೆದರೂ ಬಂದವರಲ್ಲ. ಸಂಕೋಚ ಅಂದುಕೊಂಡಿದ್ದೆವು. ಒಂದು ಕಣ್ಣಿಲ್ಲದ ಹೆಂಗಸಿಗೆ ನಾವು ಎಷ್ಟು ಒಳ್ಳೊಳ್ಳೆ ಗುಣ ಅಂಟಿಸಿದ್ದೆವು ನೋಡಿ! ಭಕ್ತಿ, ಪ್ರೀತಿ, ಸಂಕೋಚ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೊಂದು ಬಿಟ್ಟು ಎಲ್ಲ ಮಾಡಿದ್ದೆವು.

ಮರುದಿನ ಬೆಳಿಗ್ಗೆ ನಮ್ಮನೆಯವರು ಅಂಗಡಿಗೆ ಹೊರಡದೆ ಮನೆಯೊಳಗೇ ಓಡಾಡುತ್ತಿದ್ದರು. ಇಣುಕಿ ನೋಡಿದರೆ ಎಡಗೈಯಲ್ಲಿ ಎಡಗಣ್ಣು ಮುಚ್ಚಿಕೊಂಡಿದ್ದರು. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ. ಬಾಗಿಲ ಚೌಕಟ್ಟಿಗೆ ಹೆಗಲು ಬಡಿಯಿತು. ಸ್ಟೂಲಿಗೆ ಮೊಣಕಾಲು ಬಡಿಯಿತು. ನನ್ನನ್ನು ಕಂಡು ಕೈ ತೆಗೆದರು. ಆ ಮನುಷ್ಯ ಅತ್ತದ್ದನ್ನು ನಾನು ನೋಡಿರಲಿಲ್ಲ, ಅವತ್ತು ನೋಡಿದೆ.

ಶಾಂತಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಅಯ್ಯೋ ಶಿವನೇ" ಅಂದಳು. "ಪಾಪ ಮಾರಾಯ್ತಿ... ಹಂಗಾರೆ ನಾವು ಅಷ್ಟು ದಿನದಿಂದ ಎಡಗಡೆ ಎಲೆ ಹಾಕಿ ಕೈ ಮುಗೀತಾ ಇರದು ಎಂತಕ್ಕೆ?"

"ನಮ್ಮತ್ತೆ ಕಣ್ಣಿಗೆ ಕಣೇ. ಇನ್ನು ಬಿಟ್ಟುಬಿಡು."

"ಬಿಡಕ್ಕಾಗ್ತದನೇ? ನಮ್ಮನೇಲಿ ಅದು ಪದ್ಧತಿ ಆಗಿಹೋಯ್ತಲ್ಲ! ಮೊನ್ನೆ ಒಂದಿನ ಮರ್ತಿದ್ದಕ್ಕೆ ಹಾಲು ಒಡೀತು ಅಂತ ನಮ್ಮತ್ತೆ ರಾದ್ಧಾಂತ ಮಾಡಿದಾರೆ. ಈಗ ನಾನು ಹೋಗಿ ಅದು ಸುಳ್ಳು ಅಂದ್ರೆ ನನ್ನ ಮನೇಲಿ ಇಟ್ಕಳ್ತಾರಾ?"

ಕೇಳಿದಿರಾ? ಕಾಯಿಲೆ ಶಿಕಾರಿಪುರದ್ದು, ಪದ್ಧತಿ ಸೊರಬದ್ದು. ಇನ್ನೊಂದು ತಲೆಮಾರು ಕಳೆದರೆ ಅದಕ್ಕೊಂದು ಕಥೆಯೂ ಹುಟ್ಟಿಕೊಳ್ಳುತ್ತದೆ. ಆಚರಿಸುವವರಿಗೆ ಅದು ಯಾರ ಕಣ್ಣು ಎಂಬುದೂ ಗೊತ್ತಿರುವುದಿಲ್ಲ. ನನಗಂತೂ ಈಗ ಎಲ್ಲದರ ಮೇಲೂ ಅನುಮಾನ ಶುರುವಾಗಿದೆ. ನಮ್ಮ ದೊಡ್ಡಪ್ಪನೊಬ್ಬರು ಪಂಕ್ತಿಯಲ್ಲಿ ಹೋಳಿಗೆ ಬರುವ ಮೊದಲೇ ಎದ್ದು ಹೋಗುತ್ತಿದ್ದರು. ಹಿರೀಕರ ವೈರಾಗ್ಯ ಎಂದು ನಾವೆಲ್ಲ ಕೊಂಡಾಡಿದ್ದೇ ಕೊಂಡಾಡಿದ್ದು. ಸಕ್ಕರೆ ಕಾಯಿಲೆ ಇತ್ತೇನೋ ಪುಣ್ಯಾತ್ಮರಿಗೆ! ಯಾರಾದರೂ ಕೇಳಿದ್ದೆವಾ?

ಶಿವಮೊಗ್ಗಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಎಡಗಣ್ಣಿನೊಳಗೆ ಒತ್ತಡ ಏರಿ ಏರಿ ನರವೇ ಸತ್ತುಹೋಗಿದೆ, ಅದು ಇನ್ನು ಬರುವುದಿಲ್ಲ ಅಂದರು. ನೋವಿಲ್ಲದೆ ಹೋಗುವ ಕಣ್ಣಂತೆ ಅದು. ಆಮೇಲೆ ಅತ್ತೆಯನ್ನು ಬಿಟ್ಟು ನಮ್ಮ ಕಡೆ ತಿರುಗಿದರು. "ಇಷ್ಟು ವರ್ಷ ಮನೇಲಿ ಯಾರೂ ಗಮನಿಸಲಿಲ್ವಾ?"

ನಾನೇ ಹೇಳಿದೆ. "ಸಂಪ್ರದಾಯ ಅಂದ್ಕೊಂಡಿದ್ವಿ ಡಾಕ್ಟ್ರೇ."

ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಇನ್ನೂ ಇತ್ತು. ಬಲಗಣ್ಣಿಗೂ ಪೊರೆ ಬಂದಿದೆ. ಒತ್ತಡ ಅಲ್ಲೂ ಶುರುವಾಗಿದೆ. ಇವತ್ತಿನಿಂದಲೇ ಡ್ರಾಪ್ಸ್, ಬರುವ ತಿಂಗಳು ಪೊರೆಯ ಆಪರೇಷನ್. ಮುಂದಕ್ಕೆ ಹಾಕುವಂತಿಲ್ಲ. ಅತ್ತೆ 'ಜಲ್ದಿ ಹೋಗಾಣ' ಎಂದದ್ದು ಯಾಕೆ ಎಂದು ಆಗ ಅರ್ಥವಾಯಿತು. ಉಳಿದ ಒಂದು ಕಣ್ಣೂ ಮಂಜಾಗುತ್ತಿರುವುದು ಅವರಿಗೆ ಗೊತ್ತಿತ್ತು.

"ಆಪ್ರೇಸನ್ ಆದ್ಮೇಲೆ ಕಾಣ್ತದೇನ್ರಿ? ಖಾತ್ರಿ?" ಎಂದು ಕೇಳಿದರು ಅತ್ತೆ.

"ಸಾಮಾನ್ಯವಾಗಿ ಚೆನ್ನಾಗೇ ಆಗುತ್ತಮ್ಮ."

"ಸಾಮಾನ್ಯವಾಗಿ ಎಲ್ರಿಗೂ ಎರಡು ಕಣ್ಣೂ ಕಾಣ್ತಾವ್ರಿ."

ಡಾಕ್ಟರಮ್ಮ ನಕ್ಕರು. ಅತ್ತೆ ನಗಲಿಲ್ಲ. "ಅದ್ಕೂ ಮುಂಚೆ ನಾನು ಒಂದ್ಸಲ ರೈಲಾಗ ಹೋಗಿ ಬರ್ಲೇನ್ರಿ?" ಎಂದು ಕೇಳಿದರು. ಡ್ರಾಪ್ಸ್ ಒಂದು ಹೊತ್ತೂ ತಪ್ಪದಿದ್ದರೆ, ಆಪರೇಷನ್ ದಿನಕ್ಕೆ ಸರಿಯಾಗಿ ಬರುವುದಾದರೆ ಹೋಗಿ ಬನ್ನಿ, ತೊಂದರೆಯಿಲ್ಲ ಅಂದರು ಡಾಕ್ಟರಮ್ಮ.

ವಾಪಸ್ ಬರುವಾಗ ಕಾರು ಆಯನೂರು ದಾಟಿತು. ಆಮೇಲೆ ನಮ್ಮನೆಯವರು ಹೇಳಿದರು. "ರೈಲು ಗೀಲು ಏನೂ ಬ್ಯಾಡವ್ವ. ಮೊದಲು ಆಪರೇಷನ್ ಆಗ್ಲಿ. ಆಮೇಲೆ ಬೇಕಾದಷ್ಟು ಸಲ ಹೋಗಾಣ. ಗುಡ್ಡ ಎಲ್ಲಿಗೂ ಓಡಿಹೋಗಲ್ಲ."

ನನಗೂ ಅದೇ ಸರಿ ಅನ್ನಿಸಿತು. ಪೊರೆ ತೆಗೆಸಿಕೊಂಡರೆ ಇನ್ನೂ ನಿಚ್ಚಳವಾಗಿ ಕಾಣುತ್ತದಲ್ಲ? ಬುದ್ಧಿ ಇರುವ ಯಾರಾದರೂ ಹೇಳುವುದು ಅದನ್ನೇ. ನಾನೂ ಹೇಳಿದೆ.

"ಗುಡ್ಡ ಓಡಿಹೋಗಲ್ಲ, ಸರಿ" ಅಂದರು ಅತ್ತೆ. "ಕಣ್ಣು ಓಡಿಹೋಗ್ತದಲ್ಲಪ್ಪ. ಒಂದು ಹೋದದ್ದು ನಾನು ನೋಡೀನಿ. ದಿನಾ ಬೆಳಿಗ್ಗೆ ಎದ್ದು ಬಲಗಣ್ಣು ಮುಚ್ಚಿ ನೋಡ್ತಿದ್ದೆ. ಮೊದ್ಲು ಕಿಟಕಿ ಕಾಣ್ತಿತ್ತು. ಆಮೇಲೆ ಕಿಟಕಿ ಬೆಳಕು ಕಾಣ್ತಿತ್ತು. ಒಂದಿನ ಅದೂ ಇಲ್ಲ. ಆಪ್ರೇಸನ್ ಮಾಡ್ಸಬ್ಯಾಡ್ರಿ ಅನ್ನಲ್ಲ ನಾನು. ಚಲೋ ಆದ್ರ ಇನ್ನೊಂದ್ಸಲ ಹೋಗಾಣ. ಆಗ್ಲಿಲ್ಲ ಅಂದ್ರ? ಆಮೇಲೆ ಕತ್ತಲಾಗ ಕೂತು ನೆನೆಸ್ಕಳಾಕ ನಂಗೂ ಏನಾದ್ರೂ ಬೇಕಲ್ಲೇನು?"

ನಮ್ಮನೆ ಅಂಗಡಿಯವರ ಮನೆ. ಚೌಕಾಸಿ ಮಾಡುವುದು ನಮ್ಮ ಹುಟ್ಟುಗುಣ. ಆದರೆ ಈ ಮಾತನ್ನು ಹೇಳಿದ ಬೆಲೆಗೇ ಒಪ್ಪಿಕೊಂಡೆವು.

ಹಿಂದಿನ ಸೀಟಿನಲ್ಲಿ ಫೋನು ಒತ್ತುತ್ತಾ ಕೂತಿದ್ದ ಸಿಂಚನಾ ಇದ್ದಕ್ಕಿದ್ದಂತೆ ಕಿರುಚಿದಳು. "ಅಪ್ಪಾ! ನಾವು ಇಳಿಯೋದೇ ಬೇಡ. ಹತ್ತೋಣ!"

ಯಾರಿಗೂ ತಲೆ ಬುಡ ಅರ್ಥವಾಗಲಿಲ್ಲ.

"ಕಾರಲ್ಲಿ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗೋಣ. ಅಲ್ಲಿಂದ ಸಕಲೇಶಪುರಕ್ಕೆ ರೈಲಲ್ಲಿ ಹತ್ತೋಣ. ಇಳಿಯುವಾಗ ಎಡಕ್ಕಿರೋ ಕಣಿವೆ ಹತ್ತುವಾಗ ಎಲ್ಲಿರುತ್ತೆ ಹೇಳಿ? ಬಲಕ್ಕೆ! ಬಲಗಡೆ ಕಿಟಕಿ ಅಜ್ಜಿಗೆ!"

ಎಷ್ಟು ಸುಲಭ ನೋಡಿ! ಕಣಿವೆಯನ್ನು ಅತ್ತೆಯ ಕಡೆ ತಿರುಗಿಸಲು ಬೇಕಾಗಿದ್ದು ಇಷ್ಟೇ. ವಿಷಯ ಗೊತ್ತಿದ್ದರೆ ಮೊದಲ ದಿನವೇ ಆಗುತ್ತಿತ್ತು. ನಮ್ಮನೆಯವರು ಕಾರು ಪಕ್ಕಕ್ಕೆ ಹಾಕಿ ನಿಲ್ಲಿಸಿದರು. "ಬುಕ್ ಮಾಡು. ಈಗಲೇ" ಅಂದರು. 'ನೋಡೋಣ' ಅನ್ನಲಿಲ್ಲ.

"ನಿಮ್ಮ ಎಡಕ್ಕೆ ಯಾರು ಕೂರ್ಲಿ ಅತ್ತೆ?" ಎಂದು ಕೇಳಿದೆ. ಜೋಡಿ ಸೀಟಲ್ಲವೇ, ಯಾರಾದರೂ ಕೂರಲೇಬೇಕಲ್ಲ.

ಅತ್ತೆ ಸ್ವಲ್ಪ ಯೋಚಿಸಿದರು. "ನೀನ ಕೂತ್ಕವ್ವ. ಆ ಕಡಿ ಏನೇನು ಬಂತು ಅಂತ ಹೇಳಾಕ ಒಬ್ರು ಬೇಕಲ್ಲ. ನಿಂಗ ಹೆಂಗೂ ಮಾತು ಜಾಸ್ತಿ."

ಟಿಕೆಟ್ ಆಗಿದೆ. ಬರುವ ವಾರ ಹೊರಡುತ್ತೇವೆ. ಅಲ್ಲಿಂದ ಬಂದ ಮೇಲೆ ಆಪರೇಷನ್, ಅದರ ದಿನವೂ ಗೊತ್ತಾಗಿದೆ. ಕಣ್ಣು ಹೇಗಾಗುತ್ತದೋ ಶಿವನೇ ಬಲ್ಲ. ಡ್ರಾಪ್ಸ್ ಹಾಕುವ ಕೆಲಸ ನಮ್ಮನೆಯವರದು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಸಂಜೆ ಬಂದ ಕೂಡಲೇ. ಒಲೆ, ಈಳಿಗೆ, ಅಂಗಳ ಎಲ್ಲವೂ ಅತ್ತೆಯ ವಶದಲ್ಲೇ ಇವೆ. ಲೋಟಗಳನ್ನು ಮಾತ್ರ ಒಲೆಯ ಬಲಕ್ಕೆ ಜರುಗಿಸಿದ್ದೇನೆ. "ಕೂತ್ಕಳಿ" ಎಂಬ ಮಾತು ಬಾಯಿತುದಿಗೆ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ನಿನ್ನೆ ಮಧ್ಯಾಹ್ನ ಊಟಕ್ಕೆ ಎಲ್ಲರೂ ಎಂದಿನಂತೆ ಸಾಲಾಗಿ ಕೂತರು. ಅತ್ತೆ ಎಡತುದಿ. ನನಗೆ ಅದೇನನ್ನಿಸಿತೋ, ತಟ್ಟೆ ತೆಗೆದುಕೊಂಡು ಸುತ್ತಿ ಹೋಗಿ ಅವರ ಎಡಮಗ್ಗಲಿಗೆ ಕೂತೆ. ರೈಲಿನಲ್ಲಿ ಅಲ್ಲೇ ಕೂರಬೇಕಲ್ಲ, ಒಂದು ರಿಹರ್ಸಲ್ ಆಗಲಿ ಎಂದು. ನನ್ನ ಮೊಣಕೈಗೂ ಅವರ ಮೊಣಕೈಗೂ ಒಂದು ಗೇಣು ಅಂತರ. ಅವರೇನಾದರೂ ಹೇಳುತ್ತಾರೆಂದು ಕಾದೆ. ಅತ್ತೆ ರೊಟ್ಟಿ ಮುರಿದರು, ಪಲ್ಯ ಹಚ್ಚಿಕೊಂಡರು, ಆ ಕಡೆ ಕೂತಿದ್ದ ಸಿಂಚನಾಳನ್ನು ನೋಡಿ ಕೇಳಿದರು:

"ನಿಮ್ಮವ್ವ ಎಲ್ಲಿಗ್ಹೋದ್ಲೇ? ಉಣ್ಣಾಕ ಕರೀ, ರೊಟ್ಟಿ ಆರ್ತದ."

ಇಷ್ಟು ವರ್ಷ ದಿನಕ್ಕೆರಡು ಹೊತ್ತು ನಾವೆಲ್ಲ ಸೇರಿ ಖಾಲಿ ಬಿಟ್ಟ ಜಾಗದಲ್ಲಿ ನಾನು ಕೂತಿದ್ದೆ.

ಅತ್ತೆಗೆ ಒಂದು ಕಣ್ಣಿರಲಿಲ್ಲ. ಎರಡೆರಡು ಕಣ್ಣಿದ್ದ ನಮಗೇನು ರೋಗ ಬಂದಿತ್ತು ರೀ?